ಗೋಗಿಯ ಕಲ್ಲು, ಕಡಲಿನ ನೀರು

ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ಮನೆಯ ತಾರಸಿ ಮೇಲೆ ಸಾವಿರ ಲೀಟರಿನ ಕರಿ ಟ್ಯಾಂಕ್ ಇದೆ ಅಲ್ವಾ? ಅದರ ತುಂಬ ಸಮುದ್ರದ ನೀರು ತುಂಬಿಸಿ. ಅದರಲ್ಲಿ ಸುಮಾರು 35 ಕೆಜಿ ಉಪ್ಪು ಇರುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಗೊತ್ತಿಲ್ಲದ ವಿಷಯ ಏನಂದ್ರೆ, ಅದೇ ಟ್ಯಾಂಕಿನಲ್ಲಿ 3.3 ಮಿಲಿಗ್ರಾಂ ಯುರೇನಿಯಂ ಕೂಡ ಇರುತ್ತೆ. ಒಂದು ಸಾಸಿವೆ ಕಾಳಿನ ತೂಕದ ಆಸುಪಾಸು. ಇಷ್ಟೇನಾ ಅನ್ಬೇಡಿ. ಭೂಮಿಯ ಮೇಲಿನ ಎಲ್ಲಾ ಸಾಗರಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಅದು ಸುಮಾರು 450 ಕೋಟಿ ಟನ್ ಆಗುತ್ತೆ. ಜಗತ್ತಿನ ಗಣಿಗಳಲ್ಲಿ ಲಾಭಕ್ಕೆ ತೆಗೆಯಬಹುದು ಅಂತ ಗುರುತಿಸಿರುವ ಯುರೇನಿಯಂಗಿಂತ ನೂರಾರು ಪಟ್ಟು ಜಾಸ್ತಿ.

ಈಗ ಇನ್ನೊಂದು ಲೆಕ್ಕ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಯಾದಗಿರಿ ಜಿಲ್ಲೆ. ಅಲ್ಲಿ ಶಹಾಪುರ ತಾಲ್ಲೂಕು. ಆ ತಾಲ್ಲೂಕಿನಲ್ಲಿ ಗೋಗಿ ಅನ್ನೋ ಊರು. ಆ ಊರಿನ ಕಲ್ಲಿನಲ್ಲಿ ಯುರೇನಿಯಂ ಇದೆ. ಒಂದು ಕೆಜಿ ಯುರೇನಿಯಂ ಬೇಕು ಅಂದ್ರೆ ಕಡಲಿನಲ್ಲಿ ನೀವು 3 ಲಕ್ಷ ಟನ್ ನೀರನ್ನು ಸೋಸಬೇಕು. ಗೋಗಿಯಲ್ಲಿ? ಹೆಚ್ಚುಕಡಿಮೆ ಆರು ಕ್ವಿಂಟಲ್ ಕಲ್ಲು ಪುಡಿ ಮಾಡಿದರೆ ಸಾಕು. ನಮ್ಮ ದೇಶದ ಭಾರಜಲ ರಿಯಾಕ್ಟರಿಗೆ ಹಾಕಿದರೆ ಆ ಒಂದು ಕೆಜಿಯಿಂದ ಸುಮಾರು 45 ಸಾವಿರ ಯೂನಿಟ್ ಕರೆಂಟ್ ಬರುತ್ತೆ. ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ 37 ವರ್ಷಕ್ಕೆ ಸಾಕಾಗುವಷ್ಟು.

ಹಾಗಿದ್ದ ಮೇಲೆ ಕಡಲಿನ ನೀರಿಗೆ ಯಾಕೆ ಕೈ ಹಾಕಬೇಕು? ಗೋಗಿಯನ್ನೇ ಅಗೆದರೆ ಮುಗೀತಲ್ಲ? ಈ ಪ್ರಶ್ನೆ ಕೇಳೋದು ಸುಲಭ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಕೇಳೋದು ಇನ್ನೂ ಸುಲಭ. ಉತ್ತರಕ್ಕೆ ನೂರು ವರ್ಷದ ಹಿಂದಕ್ಕೆ ಹೋಗಬೇಕು.

ಸಮುದ್ರದಿಂದ ಲೋಹ ತೆಗೆಯುವ ಹುಚ್ಚು ಶುರುವಾಗಿದ್ದು ಯುರೇನಿಯಂನಿಂದ ಅಲ್ಲ, ಚಿನ್ನದಿಂದ. ಮೊದಲ ಮಹಾಯುದ್ಧ ಸೋತ ಜರ್ಮನಿಯ ತಲೆ ಮೇಲೆ ಗೆದ್ದ ದೇಶಗಳು 13,200 ಕೋಟಿ ಚಿನ್ನದ ಮಾರ್ಕ್‌ಗಳ ದಂಡ ಹೇರಿದ್ದವು. ಎಲ್ಲಿಂದ ತರೋದು? ಆಗ ಮುಂದೆ ಬಂದವರು ಫ್ರಿಟ್ಜ್ ಹೇಬರ್. ಗಾಳಿಯಿಂದ ಅಮೋನಿಯಾ ತಯಾರಿಸಿ ನೊಬೆಲ್ ಪಡೆದ ವಿಜ್ಞಾನಿ. ಇವತ್ತು ನಿಮ್ಮ ಹೊಲಕ್ಕೆ ಬೀಳುವ ಯೂರಿಯಾದ ಹಿಂದೆ ಇರೋದು ಅವರದೇ ವಿದ್ಯೆ. ಯುದ್ಧದಲ್ಲಿ ವಿಷಾನಿಲ ಬಿಡಿಸಿದ್ದೂ ಅವರೇ, ಅದನ್ನೂ ಮರೆಯಬಾರದು. ಗಾಳಿಯಿಂದ ಗೊಬ್ಬರ ತೆಗೆದವನು ನೀರಿನಿಂದ ಚಿನ್ನ ತೆಗೆಯಲಾರನೇ ಅನ್ನೋದು ಅವರ ಛಲ. ಒಂದು ಟನ್ ನೀರಿನಲ್ಲಿ ಕೆಲವು ಮಿಲಿಗ್ರಾಂ ಚಿನ್ನ ಇದೆ ಅಂತ ಆಗಿನ ಕಾಲದ ನಂಬಿಕೆ. ಹೇಬರ್ 1923ರಲ್ಲಿ ಹಡಗಿನಲ್ಲೇ ಪ್ರಯೋಗಾಲಯ ಮಾಡಿಕೊಂಡು ಅಟ್ಲಾಂಟಿಕ್ ದಾಟಿದರು. ಬೇರೆ ಬೇರೆ ಸಮುದ್ರಗಳಿಂದ ಸಾವಿರಾರು ಬಾಟಲಿ ನೀರು ತರಿಸಿ ಪರೀಕ್ಷೆ ಮಾಡಿದರು. ಕೊನೆಗೆ ಸಿಕ್ಕಿದ್ದು ಅಂದುಕೊಂಡಿದ್ದರ ಸಾವಿರದಲ್ಲೊಂದು ಪಾಲು. 1926ರ ಹೊತ್ತಿಗೆ ಕೈ ಚೆಲ್ಲಿದರು. ಒಂದು ವಿಷಯಕ್ಕೆ ಮಾತ್ರ ನಾನು ಅವರನ್ನು ಮೆಚ್ಚುತ್ತೇನೆ. ಆಗಲ್ಲ ಅಂತ ಗೊತ್ತಾದಾಗ ಅದನ್ನು ಮುಚ್ಚಿಡಲಿಲ್ಲ, ಲೇಖನ ಬರೆದು ಜಗತ್ತಿಗೇ ಹೇಳಿದರು.

ಮೆಗ್ನೀಸಿಯಂ ವಿಷಯ ಬೇರೆ. ಅದು ಸಮುದ್ರದಲ್ಲಿ ಧಾರಾಳವಾಗಿದೆ, ಟನ್ನಿಗೆ ಒಂದು ಕೆಜಿಗೂ ಮೇಲೆ. ಅಮೆರಿಕದ ಡೌ ಕಂಪನಿ 1941ರಲ್ಲಿ ಟೆಕ್ಸಾಸ್ ತೀರದಲ್ಲಿ ಕಾರ್ಖಾನೆ ಹಾಕಿ ಅದನ್ನು ತೆಗೆದೇ ಬಿಟ್ಟಿತು. ಎರಡನೇ ಯುದ್ಧದ ವಿಮಾನಗಳಿಗೆ ಬೇಕಿತ್ತು. ಧಾರಾಳ ಇರೋದನ್ನು ಯಾರಾದರೂ ತೆಗೀತಾರೆ. ಸಾಸಿವೆ ಕಾಳಿನಷ್ಟಿರೋದನ್ನು ತೆಗೆಯೋದು ಹೇಗೆ ಅನ್ನೋದೇ ಪ್ರಶ್ನೆ.

ಯುರೇನಿಯಂ ಬೇಟೆಯನ್ನು 1950ರ ದಶಕದಿಂದ ಶುರು ಮಾಡಿದವರು ಬ್ರಿಟಿಷರು. ಟೈಟಾನಿಯಂನ ಒಂದು ಆಕ್ಸೈಡ್ ಪುಡಿ ಮೇಲೆ ಸಮುದ್ರದ ನೀರು ಹಾಯಿಸಿದರೆ ಯುರೇನಿಯಂ ಅಂಟಿಕೊಳ್ಳುತ್ತೆ ಅಂತ ಕಂಡುಕೊಂಡರು. ಅದನ್ನು ದೊಡ್ಡದಾಗಿ ಮಾಡಿ ನೋಡಿದ್ದು ಜಪಾನ್. ಯಾಕೆ ಜಪಾನ್? ಅವರ ನೆಲದಲ್ಲಿ ಯುರೇನಿಯಂ ಇಲ್ಲವೇ ಇಲ್ಲ ಅನ್ನಬಹುದು, ಸುತ್ತ ನೋಡಿದರೆ ಬರೀ ಕಡಲು. 1980ರ ದಶಕದಲ್ಲಿ ಕಗಾವಾ ಪ್ರಾಂತ್ಯದ ನಿಯೋ ಅನ್ನುವಲ್ಲಿ ಪ್ರಾಯೋಗಿಕ ಸ್ಥಾವರ ಕಟ್ಟಿದರು. ಯುರೇನಿಯಂ ಬಂತು. ಆದರೆ ಅಷ್ಟು ನೀರನ್ನು ಪಂಪ್ ಮಾಡಿ ಪುಡಿಯ ಮೂಲಕ ಹಾಯಿಸೋದಕ್ಕೆ ಸುಟ್ಟ ಕರೆಂಟಿನ ಲೆಕ್ಕ ನೋಡಿದರೆ, ಕತ್ತೆಗಿಂತ ಹಗ್ಗಕ್ಕೇ ಬೆಲೆ ಜಾಸ್ತಿ ಅನ್ನೋ ಹಾಗಾಯ್ತು.

ಆಗ ಬಂತು ಪಾಲಿಮರ್. ಪಾಲಿಮರ್ ಅಂದ್ರೆ ಗಾಬರಿ ಬೇಡ, ನಿಮ್ಮ ಪ್ಲಾಸ್ಟಿಕ್ ಹಗ್ಗ, ನೈಲಾನ್ ಸೀರೆ, ಸಿಮೆಂಟ್ ಚೀಲದ ನೂಲು ಎಲ್ಲಾ ಪಾಲಿಮರೇ. ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದವರು ಸುಮಾರು 200 ಬಗೆಯ ವಸ್ತುಗಳನ್ನು ಕಡಲ ನೀರಿನಲ್ಲಿ ಪರೀಕ್ಷಿಸಿ, ಅಮಿಡಾಕ್ಸಿಮ್ ಅನ್ನೋ ರಾಸಾಯನಿಕ ಗುಂಪು ಇರುವ ಪಾಲಿಮರೇ ಯುರೇನಿಯಂಗೆ ಸರಿಯಾದ ಜೋಡಿ ಅಂತ 1980ರ ದಶಕದ ಆರಂಭದಲ್ಲಿ ತೋರಿಸಿದರು. ಜಪಾನಿನ ತಕಾಸಾಕಿ ಪ್ರಯೋಗಾಲಯ ಅದನ್ನು ನೂಲಿಗೆ ಹತ್ತಿಸಿತು. ಹೇಗೆ ಅಂದ್ರೆ, ಪಾಲಿಥೀನ್ ನೂಲಿಗೆ ಎಲೆಕ್ಟ್ರಾನ್ ಕಿರಣ ಹಾಯಿಸ್ತಾರೆ. ನೂಲಿನ ಮೈಮೇಲೆ ಅಲ್ಲಲ್ಲಿ ಗಾಯವಾದ ಹಾಗೆ ಆಗುತ್ತೆ. ನಮ್ಮ ರೈತರು ಮಾವಿಗೆ ಕಸಿ ಕಟ್ಟುವಾಗ ಕೊಂಬೆ ಸೀಳ್ತಾರಲ್ಲ, ಹಾಗೆ. ಆ ಗಾಯದಲ್ಲಿ ಅಕ್ರಿಲೋನೈಟ್ರೈಲ್ ಅನ್ನೋ ರಾಸಾಯನಿಕದ ಸರಪಳಿ ಬೆಳೆಸ್ತಾರೆ. ಆಮೇಲೆ ಅದನ್ನು ಹೈಡ್ರಾಕ್ಸಿಲಮೀನ್‌ನಲ್ಲಿ ಕಾಯಿಸಿದರೆ ಸರಪಳಿಯ ಉದ್ದಕ್ಕೂ ಅಮಿಡಾಕ್ಸಿಮ್ ಕೊಂಡಿಗಳು ಮೂಡುತ್ತವೆ. ಈ ಕೊಂಡಿಗಳಿಗೆ ಟನ್ನಿಗೆ ಹತ್ತು ಕೆಜಿಗೂ ಮೇಲಿರುವ ಸೋಡಿಯಂ ಬೇಡ. ಯುರೇನಿಯಂ ಕಂಡರೆ ಹಿಡ್ಕೋತವೆ. ಪಂಪೂ ಬೇಡ. ನೂಲನ್ನು ಕಡಲಲ್ಲಿ ಇಳಿಬಿಟ್ಟರೆ ಸಾಕು, ಅಲೆ ಮತ್ತು ಪ್ರವಾಹ ನೀರನ್ನು ತಂದು ಒಡ್ಡುತ್ತವೆ.

1999ರಿಂದ 2001ರವರೆಗೆ ಉತ್ತರ ಜಪಾನಿನ ಮುತ್ಸು ಬಳಿ, ದಡದಿಂದ 7 ಕಿಲೋಮೀಟರ್ ಒಳಗೆ, 350 ಕೆಜಿ ಇಂಥ ಬಟ್ಟೆಯನ್ನು ನೀರಿನೊಳಗೆ ತೂಗುಬಿಟ್ಟರು. ಒಟ್ಟು 240 ದಿನ ಮುಳುಗಿಸಿದ್ದಕ್ಕೆ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ಯುರೇನಿಯಂ ಕೈಗೆ ಬಂತು. ಹಳದಿ ಪುಡಿ. ಇತಿಹಾಸದಲ್ಲಿ ಕಡಲಿನಿಂದ ಹೀಗೆ ಕೆಜಿ ಲೆಕ್ಕದಲ್ಲಿ ಯುರೇನಿಯಂ ತೂಗಿದ್ದು ದೊಡ್ಡ ಸಾಧನೆಯೇ. 2018ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಎಲ್‌ಸಿಡಬ್ಲ್ಯು ಅನ್ನೋ ಸಣ್ಣ ಕಂಪನಿ ಸ್ವೆಟರ್ ಹೆಣೆಯುವಂಥ ಸಾಧಾರಣ ಅಕ್ರಿಲಿಕ್ ನೂಲನ್ನೇ ಬದಲಾಯಿಸಿಕೊಂಡು 5 ಗ್ರಾಂ ತೆಗೆದವು. ಐದು ಗ್ರಾಂಗೇ ಸುದ್ದಿಗೋಷ್ಠಿಯಾ ಅಂತ ನಗಬೇಡಿ, ನೂಲು ಅಗ್ಗವಾಗಿದ್ದೇ ಅಲ್ಲಿನ ಸುದ್ದಿ.

ತೊಂದರೆ ಎಲ್ಲಿದೆ? ಆ ಕೊಂಡಿಗಳು ಯುರೇನಿಯಂ ಜೊತೆ ವೆನೇಡಿಯಂ ಅನ್ನೋ ಇನ್ನೊಂದು ಲೋಹವನ್ನೂ ಹಿಡ್ಕೋತವೆ. ಸಮುದ್ರದಲ್ಲಿ ವೆನೇಡಿಯಂ ಇರೋದು ಯುರೇನಿಯಂಗಿಂತ ಕಡಿಮೆ, ಆದರೆ ನೂಲಿಗೆ ಅಂಟೋದು ಜಾಸ್ತಿ. ಅದನ್ನು ಬಿಡಿಸೋಕೆ ಗಟ್ಟಿ ಆಮ್ಲ ಬೇಕು, ಆಮ್ಲ ಹಾಕಿದರೆ ನೂಲೇ ಹಾಳು. ಪಾಚಿ, ಚಿಪ್ಪಿ ಬೇರೆ ಬಂದು ಕೂರುತ್ತವೆ. ಹೀಗಾಗಿ ಕಡಲ ಯುರೇನಿಯಂನ ಖರ್ಚು ಇವತ್ತಿಗೂ ಗಣಿಯದ್ದಕ್ಕಿಂತ ಹಲವು ಪಟ್ಟು.

ನಮ್ಮ ದೇಶದವರು ಸುಮ್ಮನೆ ಕೂತಿರಲಿಲ್ಲ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಪಾಲಿಪ್ರೊಪಿಲೀನ್ ಬಟ್ಟೆಗೆ ಇದೇ ಅಮಿಡಾಕ್ಸಿಮ್ ಕಸಿ ಕಟ್ಟಿ, ಟ್ರಾಂಬೆಯಲ್ಲಿ, ತಾರಾಪುರದಲ್ಲಿ, ದೂರದ ಅಂಡಮಾನ್‌ನಲ್ಲಿ ಕಡಲಿಗೆ ಇಳಿಬಿಟ್ಟು ನೋಡಿದರು. ಅದಕ್ಕೆ ಕಾರಣವೂ ಇತ್ತು. 2007-08ರ ಸುಮಾರಿಗೆ ದೇಶದಲ್ಲಿ ಯುರೇನಿಯಂ ಬರ. ಇಂಧನ ಇಲ್ಲದೆ ರಿಯಾಕ್ಟರುಗಳು ಅರೆಹೊಟ್ಟೆಯಲ್ಲಿ ಓಡುತ್ತಿದ್ದವು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ನಾಲ್ಕನೇ ಘಟಕ ಕಟ್ಟಿ ಮುಗಿಸಿದರೂ ಇಂಧನಕ್ಕೆ ಕಾಯಬೇಕಾಯ್ತು, ಅದು ಚಾಲೂ ಆಗಿದ್ದು 2010ರ ಕೊನೆಗೆ. 2008ರ ಸೆಪ್ಟೆಂಬರಿನಲ್ಲಿ ಪರಮಾಣು ಪೂರೈಕೆದಾರ ದೇಶಗಳ ಗುಂಪು ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ ಹೊರಗಿನಿಂದ ಯುರೇನಿಯಂ ಬರೋದಕ್ಕೆ ಶುರುವಾಯ್ತು.

ಇದೇ ಬರದ ಕಾಲದಲ್ಲಿ ಎಲ್ಲರ ಕಣ್ಣು ಬಿದ್ದದ್ದು ಗೋಗಿಯ ಮೇಲೆ.

ಗೋಗಿ ಸಾಮಾನ್ಯ ಊರಲ್ಲ ಕಣ್ರೀ. ಚಂದಾ ಹುಸೇನಿ ದರ್ಗಾ ಇರುವ ಊರು. ಬಿಜಾಪುರದ ಆದಿಲ್ ಶಾಹಿ ವಂಶ ಕಟ್ಟಿದ ಯೂಸುಫ್ ಆದಿಲ್ ಶಾ ಮಲಗಿರೋದು ಬಿಜಾಪುರದಲ್ಲಲ್ಲ, ಗೋಗಿಯಲ್ಲಿ. ಅವನ ನಂತರದ ಸುಲ್ತಾನರ ಸಮಾಧಿಗಳೂ ಅಲ್ಲೇ ಇವೆ. ಗೋಲ ಗುಮ್ಮಟ ನೋಡೋಕೆ ಬಸ್ಸು ಮಾಡಿಕೊಂಡು ಹೋಗುವ ನಾವು ಗೋಗಿಯ ಹೆಸರನ್ನೇ ಕೇಳಿರಲ್ಲ. ಕೇಳಿದ್ದು ಯುರೇನಿಯಂ ಸಿಕ್ಕ ಮೇಲೆ.

ಆ ನೆಲದ ಕಲ್ಲು ನಿಮಗೆಲ್ಲಾ ಗೊತ್ತು. ಶಹಾಬಾದ್ ಕಲ್ಲು ಅಂತ ಮನೆಗೆ ಹಾಸ್ತೀವಲ್ಲ, ಆ ಸುಣ್ಣದ ಕಲ್ಲಿನ ಕುಟುಂಬವೇ. ಒಂದು ಕಾಲಕ್ಕೆ, ಕೋಟ್ಯಂತರ ವರ್ಷಗಳ ಹಿಂದೆ, ಈ ಜಾಗ ಸಮುದ್ರದ ತಳ. ಅಲ್ಲಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಕಲ್ಲಾಯ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಈ ಭೀಮಾ ಶಿಲಾಸಾಲಿನ ಬಗ್ಗೆ ವಿವರವಾಗಿ ಬರೆದಿದ್ದಾರೆ. ಯುರೇನಿಯಂ ಇರೋದು ಮಾತ್ರ ಗೊತ್ತಾಗಿದ್ದು ನೂರು ವರ್ಷ ಕಳೆದ ಮೇಲೆ. 1990ರ ದಶಕದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಕುರ್ಲಗೆರೆಯಿಂದ ಗುಂಡಹಳ್ಳಿ ಕಡೆಗೆ ಗೋಗಿ ಮೂಲಕ ಹಾದುಹೋಗುವ ಭೂಬಿರುಕಿನ ಉದ್ದಕ್ಕೂ ಕೊರೆದು ನೋಡಿದರು. ಒಡೆದು ಚೂರಾದ ಸುಣ್ಣಕಲ್ಲಿನಲ್ಲಿ, ಅದರ ಕೆಳಗಿನ ಗ್ರಾನೈಟ್‌ನಲ್ಲಿ ಅದಿರು ಸಿಕ್ತು. ಶೇಕಡಾ 0.2ರ ಆಸುಪಾಸು. ಕಡಿಮೆ ಅನ್ನಿಸುತ್ತಾ? ಜಾರ್ಖಂಡಿನ ಜಾದುಗುಡಾ, ಆಂಧ್ರದ ತುಮ್ಮಲಪಲ್ಲೆ ಗಣಿಗಳಲ್ಲಿ ಇರೋದು ಅದರ ಮೂರರಲ್ಲೊಂದು, ನಾಲ್ಕರಲ್ಲೊಂದು ಪಾಲು. ಯುರೇನಿಯಂ ಕಾರ್ಪೊರೇಷನ್ ಬಂತು. ಪರಿಶೀಲನೆಗೆ ಅಂತ ನೆಲದಾಳಕ್ಕೆ ಬಾವಿಯಂಥ ಶಾಫ್ಟ್ ಇಳಿಸಿದರು. ಊರಿನವರು ಬೀದಿಗಿಳಿದರು. ಆರೋಗ್ಯದ ಭಯ, ಜಮೀನಿನ ಭಯ, ಎಲ್ಲಕ್ಕಿಂತ ನೀರಿನ ಭಯ. ಪೂರ್ತಿ ಪ್ರಮಾಣದ ಗಣಿ ಶುರುವಾಗದೆ ವರ್ಷಗಳೇ ಉರುಳಿದವು.

ನಾನು ಇಲ್ಲಿ ಎರಡೂ ಕಡೆಯವರಿಗೆ ಇಷ್ಟವಾಗದ ಒಂದು ಮಾತು ಹೇಳಬೇಕು. ಗೋಗಿಯ ನೀರಿನ ಕಥೆ ಗಣಿಯಿಂದ ಮಾತ್ರ ಶುರುವಾಗಿದ್ದಲ್ಲ. ಅದಿರು ಇರುವ ಕಲ್ಲಿನ ನಡುವೆ ನೀರು ಓಡಾಡಿದರೆ ಅದರಲ್ಲಿ ಯುರೇನಿಯಂ ಕರಗುತ್ತೆ, ಗಣಿ ಇದ್ದರೂ ಇಲ್ಲದಿದ್ದರೂ. ಸುಣ್ಣದ ಕಲ್ಲಾದರೆ ಇನ್ನೂ ಸಲೀಸು, ಯಾಕಂದ್ರೆ ಕಾರ್ಬೋನೇಟ್ ಯುರೇನಿಯಂನ ಕೈ ಹಿಡಿದು ನೀರಿನಲ್ಲಿ ಕರ್ಕೊಂಡು ಹೋಗುತ್ತೆ. ಕಡಲಲ್ಲಿ ಯುರೇನಿಯಂ ಇರೋದೂ ಇದೇ ಕಾರ್ಬೋನೇಟ್ ಜೋಡಿಯಾಗಿ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದವರು ಗೋಗಿ ಸುತ್ತಲಿನ ಬಾವಿ, ಬೋರ್‌ವೆಲ್ ನೀರು ಪರೀಕ್ಷೆ ಮಾಡಿದಾಗ ಕೆಲವು ಕಡೆ ಕುಡಿಯುವ ನೀರಿನ ಮಿತಿ ದಾಟಿದ್ದು ಕಂಡುಬಂತು. ಆ ಮಿತಿ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಲೀಟರಿಗೆ 30 ಮೈಕ್ರೋಗ್ರಾಂ. ಕಡಲ ನೀರಿನಲ್ಲಿರೋದು? ಲೀಟರಿಗೆ 3.3 ಮೈಕ್ರೋಗ್ರಾಂ. ಅಂದ್ರೆ ಏನಾಯ್ತು? ಮಿತಿ ದಾಟಿದ ಒಂದು ಕೊಡ ಬೋರ್‌ವೆಲ್ ನೀರಿನಲ್ಲಿ ಕಡಲ ನೀರಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಯುರೇನಿಯಂ ಇದೆ. ಯುರೇನಿಯಂ ಅಂದ ತಕ್ಷಣ ಬಾಂಬು, ವಿಕಿರಣ ಅಂತ ಹೆದರ್ತೀವಿ. ಕುಡಿಯುವ ನೀರಿನಲ್ಲಿ ಅದು ಮೊದಲು ಕೆಡಿಸೋದು ಮೂತ್ರಪಿಂಡವನ್ನು, ರಾಸಾಯನಿಕವಾಗಿ, ಸದ್ದಿಲ್ಲದೆ.

ಈಗ ಗೋಗಿಯ ಹಿರಿಯರೊಬ್ಬರು ಎದುರಿಗೆ ಕೂತು, "ಅಲ್ರೀ ಸರ, ಸಮುದ್ರದಾಗಿಂದು ನೂಲು ಹಾಕಿ ತಗೀತಾರಂತ, ನಮ್ಮ ಬೋರಿನಾಗಿಂದು ತಗ್ಯಾಕ ಏನಾಗೇದ?" ಅಂತ ಕೇಳಿದರೆ ಏನು ಉತ್ತರ ಕೊಡ್ತೀರಿ? ಕಡಲಲ್ಲಿ ಲೋಹ ಬೇಕಾಗಿದೆ, ಅದಕ್ಕೆ ಬೆಲೆ ಇದೆ. ಬೋರ್‌ವೆಲ್‌ನಲ್ಲಿ ನೀರು ಬೇಕಾಗಿದೆ, ಲೋಹ ಬೇಡವಾಗಿದೆ. ವಿದ್ಯೆ ಹತ್ತಿರದ್ದೇ. ಅಮಿಡಾಕ್ಸಿಮ್ ನೂಲು ಅಂತರ್ಜಲದ ಯುರೇನಿಯಂ ಹಿಡಿಯುತ್ತಾ ಅನ್ನೋ ಪ್ರಯೋಗಗಳೂ ಪ್ರಯೋಗಾಲಯಗಳಲ್ಲಿ ನಡೆದಿವೆ. ಹಿಡಿಯುತ್ತೆ. ಕಡಲಿಗಿಂತ ಕೆಲಸ ಸುಲಭ ಕೂಡ, ಅಷ್ಟು ಉಪ್ಪಿಲ್ಲ, ಅಲೆ ಇಲ್ಲ, ಚಿಪ್ಪಿ ಇಲ್ಲ. ಆದರೆ ಬಡವರ ಕೊಡದ ನೀರಿಗೆ 450 ಕೋಟಿ ಟನ್ ಅನ್ನೋ ಅಂಕಿಯ ಆಕರ್ಷಣೆ ಇಲ್ಲ ನೋಡಿ.

ಇನ್ನು ಸುರಪುರಕ್ಕೆ ಬನ್ನಿ. ಸುರಪುರ ಅಂದ್ರೆ ನಮಗೆ ನೆನಪಾಗೋದು ಬ್ರಿಟಿಷರ ವಿರುದ್ಧ 1858ರಲ್ಲಿ ಸೆಣಸಿದ ರಾಜಾ ವೆಂಕಟಪ್ಪ ನಾಯಕ. ಅವರ ಬಾಲ್ಯದಲ್ಲಿ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರ್ ಹೆಸರೂ ಆ ಕಡೆ ಇನ್ನೂ ಜೀವಂತ. ನಾನು ಹೇಳಬೇಕಿರೋದು ಅದೇ ತಾಲ್ಲೂಕಿನ ಮಂಗಳೂರಿನ ಕಥೆ. ಕಡಲ ತೀರದ ಮಂಗಳೂರಲ್ಲ, ಹೆಸರು ಒಂದೇ ಅಷ್ಟೇ. ಈ ಮಂಗಳೂರಿನ ಸುತ್ತಲ ಹಸಿರು ಶಿಲೆಯ ಪಟ್ಟಿಯಲ್ಲಿ ಹಳೆಯ ಕಾಲದಿಂದ ಚಿನ್ನದ ಗಣಿಗಾರಿಕೆ ನಡೆದಿದೆ. ಹೇಬರ್ ಕಡಲಲ್ಲಿ ಹುಡುಕಿ ಸೋತ ಚಿನ್ನ ಇಲ್ಲಿ ನೆಲದಲ್ಲೇ ಇತ್ತು. ಚಿನ್ನದ ಕಲ್ಲಿನ ಜೊತೆ ಆರ್ಸೆನಿಕ್ ಇರುತ್ತೆ. ಚಿನ್ನ ತಗೊಂಡು ಹೋದವರು ಪುಡಿ ಮಾಡಿದ ಕಲ್ಲನ್ನು ತಗೊಂಡು ಹೋಗೋದಿಲ್ಲ.

ಅಲ್ಲಿ ಕಿರದಳ್ಳಿ ತಾಂಡಾ ಅನ್ನೋ ಲಂಬಾಣಿಗರ ಜನವಸತಿ ಇದೆ. 2013ರಲ್ಲಿ ಒಂದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಆ ಪ್ರದೇಶದ ಅಧ್ಯಯನ ಅಚ್ಚಾಯ್ತು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ಶೇಕಡಾ 79ರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಲ್ಲಿ ಗರಿಷ್ಠ ಸಿಕ್ಕಿದ್ದು 303. ತಪಾಸಣೆ ಮಾಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಅಂಗೈ, ಅಂಗಾಲು ಗಂಟುಗಂಟಾಗೋದು, ಮೈಮೇಲೆ ಕಪ್ಪು ಚುಕ್ಕೆ. ಬಂಗಾಳದ ಕಾಯಿಲೆ ಅಂತ ನಾವು ಪಾಠದಲ್ಲಿ ಓದಿದ್ದು ಸುರಪುರ ತಾಲ್ಲೂಕಿನ ತಾಂಡಾದಲ್ಲಿತ್ತು.

ಅಮಿಡಾಕ್ಸಿಮ್ ನೂಲು ಇಲ್ಲಿ ಕೆಲಸಕ್ಕೆ ಬರಲ್ಲ. ಇದೇ ಆಯ್ದು ಹಿಡಿಯುವ ವಿದ್ಯೆಯ ಗಮ್ಮತ್ತು, ಇದೇ ಅದರ ಕಷ್ಟ ಕೂಡ. ಒಂದು ಬೀಗಕ್ಕೆ ಒಂದೇ ಕೀಲಿ. ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸೈಡ್ ಬೇಕು. ಐಐಟಿ ಮದ್ರಾಸಿನ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ಆ ಕಬ್ಬಿಣದ ಕಣಗಳನ್ನು ಸಿಗಡಿ ಸಿಪ್ಪೆಯಿಂದ ಬರುವ ಕೈಟೋಸಾನ್ ಅನ್ನೋ ನೈಸರ್ಗಿಕ ಪಾಲಿಮರಿನಲ್ಲಿ ಕೂರಿಸಿ 'ಅಮೃತ್' ಅನ್ನೋ ಸೋಸು ಪದಾರ್ಥ ಮಾಡಿದೆ. ಕರೆಂಟ್ ಬೇಡ, ನೀರು ಅದರ ಮೂಲಕ ಇಳಿದರೆ ಸಾಕು. ದೇಶದ ಬೇರೆ ಕಡೆ ಆರ್ಸೆನಿಕ್ ಪೀಡಿತ ಊರುಗಳಲ್ಲಿ ಅದು ಬಳಕೆಯಲ್ಲಿದೆ. ಗಮನಿಸಿ, ಸಿಗಡಿ ಸಿಪ್ಪೆ ಕಡಲಿನದ್ದೇ.

ಈ ನಡುವೆ ಯಾದಗಿರಿ ಹೆಸರು ಮತ್ತೆ ದೆಹಲಿಯಲ್ಲಿ ಕೇಳಿಬಂತು. ಪರಮಾಣು ಖನಿಜ ನಿರ್ದೇಶನಾಲಯದ ಆರಂಭಿಕ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯಲ್ಲಿ ಲಿಥಿಯಂ ಸುಳಿವು ಇದೆ ಅಂತ 2024ರಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ತಿಳಿಸಿತು. ಮೊಬೈಲಿಗೆ, ಕಾರಿಗೆ ಬ್ಯಾಟರಿ ಬೇಕಲ್ಲ. ನಮ್ಮ ಚಾನೆಲ್‌ಗಳಲ್ಲೂ ಅವತ್ತು 'ಯಾದಗಿರಿಗೆ ಬಿಳಿ ಬಂಗಾರ' ಅನ್ನೋ ಥರದ ಪಟ್ಟಿಗಳು ಓಡಿದವು, ನಾನೂ ಉತ್ಸಾಹದಿಂದ ಓದಿದವನೇ. ಚಿನ್ನ, ಯುರೇನಿಯಂ, ಈಗ ಲಿಥಿಯಂ. ಆ ಜಿಲ್ಲೆಯ ನೆಲದಡಿ ಏನಿದೆ ಅಂತ ಲೆಕ್ಕ ಹಾಕುವಷ್ಟು ಉಮೇದು ಅಲ್ಲಿನ ಕೊಡದಲ್ಲಿ ಏನಿದೆ ಅಂತ ನೋಡೋದರಲ್ಲಿ ನಮಗೆ ಯಾವಾಗಲೂ ಇರಲಿಲ್ಲ.

ಕಡಲಿನ ಆ 450 ಕೋಟಿ ಟನ್ ಯುರೇನಿಯಂ ಆಕಾಶದಿಂದ ಬಿದ್ದದ್ದಲ್ಲ. ಮಳೆ ಕಲ್ಲನ್ನು ತೊಳೆದು, ಹಳ್ಳ ಹೊಳೆಗಳು ಹೊತ್ತು, ನದಿಗಳು ಸಾಗಿಸಿದ್ದು. ಗೋಗಿಯ ಸುತ್ತಲ ನೀರು ಭೀಮೆಗೋ ಕೃಷ್ಣೆಗೋ ಸೇರುತ್ತೆ, ಭೀಮೆ ಹೋಗಿ ಕೃಷ್ಣೆಯಲ್ಲಿ ಕೂಡುತ್ತೆ, ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತೆ. ಅಂಡಮಾನ್‌ನಲ್ಲಿ ನಮ್ಮ ವಿಜ್ಞಾನಿಗಳು ಬಟ್ಟೆ ಇಳಿಬಿಟ್ಟಿದ್ದು ಅದೇ ಕೊಲ್ಲಿಯ ಆಚೆ ಅಂಚಿನಲ್ಲಿ. ಅಷ್ಟು ದೂರ ಹೋಗಿ ಸಿಕ್ಕ ಮಿಲಿಗ್ರಾಮುಗಳಲ್ಲಿ ಶಹಾಪುರದ ಪಾಲು ಎಷ್ಟು ಅಂತ ಯಾರೂ ತೂಗಲಾರರು. ಕಿರದಳ್ಳಿ ತಾಂಡಾದ ಕೊಳವೆಬಾವಿಯಲ್ಲಿ ಎಷ್ಟಿದೆ ಅನ್ನೋದನ್ನು ಮಾತ್ರ ತೂಗಿಯಾಗಿದೆ, ಅಚ್ಚೂ ಆಗಿದೆ.